ತಿಪ್ಪೆಯಿಲ್ಲದ ಊರು

ಹತ್ತಿರ ಬನ್ನಿ. ಇನ್ನೂ ಹತ್ತಿರ. ಇದು ಕೂಗಿ ಹೇಳೋ ಕಥೆ ಅಲ್ಲ. ನಡುವೆ ಯಾರೂ ಎದ್ದು ಹೋಗಬಾರದು, ನೀರು ಕುಡಿಯೋರು ಈಗಲೇ ಕುಡ್ಕೊಂಡು ಬಂದು ಕೂತ್ಕೊಳ್ಳಿ.

ಹುತ್ತಗಿರಿ ಅಂತ ಒಂದು ರಾಜ್ಯ ಇತ್ತು. ಎಷ್ಟು ಕಾಲದ ಹಿಂದೆ ಅಂತ ಕೇಳಬೇಡಿ, ನಾನೇನು ಆಗ ಹುಟ್ಟಿದ್ನಾ. ಆ ರಾಜ್ಯದಲ್ಲಿ ಪ್ರತಿ ಮನೆ ಹಿಂದೆ ಒಂದು ತಿಪ್ಪೆ. ತಿಪ್ಪೆ ಅಂದ ತಕ್ಷಣ ಮೂಗು ಮುರೀತೀರಲ್ಲ, ಮುರೀಬೇಡಿ. ಸಗಣಿ, ಬೂದಿ, ಗುಡಿಸಿದ ಕಸ, ತರಕಾರಿ ಸಿಪ್ಪೆ, ಉಂಡ ಎಲೆ, ಎಲ್ಲ ಅಲ್ಲಿಗೆ. ವರ್ಷ ಕಳೆದ್ರೆ ಅದೇ ಕಪ್ಪು ಗೊಬ್ಬರ ಆಗಿ ಹೊಲಕ್ಕೆ ಹೋಗೋದು. ಹೊಲದಿಂದ ರಾಗಿ ಆಗಿ ಮನೆಗೆ ಬರೋದು. ದೀಪಾವಳಿ ದಿನ ದೇವರ ಮುಂದೆ ಒಂದು ದೀಪ ಇಟ್ರೆ ತಿಪ್ಪೆ ಮೇಲೂ ಒಂದು ದೀಪ ಇಡೋರು.

ಅಲ್ಲಿಯ ದೊರೆ ಚಂದ್ರಭೂಪ. ಕೆಟ್ಟವನಲ್ಲ. ಯಾರನ್ನೂ ಹೊಡೀತಿರಲಿಲ್ಲ, ಬಡೀತಿರಲಿಲ್ಲ. ಆದ್ರೆ ಅವನ ಮೂಗು ಬಲು ನಾಜೂಕು. ಉಪ್ಪರಿಗೆ ಮೇಲೆ ನಿಂತ್ರೆ ಮೂಡಲ ಗಾಳೀಲೂ ತಿಪ್ಪೆ ವಾಸನೆ, ಪಡುವಲ ಗಾಳೀಲೂ ತಿಪ್ಪೆ ವಾಸನೆ. ಒಂದು ದಿನ ರೇಗಿ ಡಂಗುರ ಹೊಡೆಸಿದ. "ಈ ವಾಸನೆ ಯಾರು ಹೋಗಲಾಡಿಸ್ತಾರೋ ಅವರು ಕೇಳಿದ್ದು ಕೊಡ್ತೀನಿ."

ಮಾರನೇ ದಿನ ಮಟಮಟ ಮಧ್ಯಾಹ್ನ. ಆಸ್ಥಾನದ ನಡುವೆ ಒಬ್ಬ ನಿಂತಿದ್ದ. ಯಾವ ಬಾಗಿಲಿಂದ ಬಂದ ಅಂತ ಕಾವಲಿನವರಿಗೆ ಗೊತ್ತಾಗಲಿಲ್ಲ. ಬಿಳೀ ಪಂಚೆ, ಬಿಳೀ ಅಂಗಿ, ಹೆಗಲಿಗೆ ಒಂದು ಜೋಳಿಗೆ. ಮುಖ ತೊಳೆದಿಟ್ಟ ತಟ್ಟೆ ಹಾಗೆ ನುಣ್ಣಗೆ, ಒಂದು ಗೆರೆ ಇಲ್ಲ, ಒಂದು ಮಚ್ಚೆ ಇಲ್ಲ. ದೊರೆ ಮೂಗು ಅರಳಿಸಿ ನೋಡಿದ. ಬೆವರಿನ ವಾಸನೆ ಇಲ್ಲ. ಎಣ್ಣೆ ವಾಸನೆ ಇಲ್ಲ. ಬಟ್ಟೆ ವಾಸನೆ ಇಲ್ಲ. ಮನುಷ್ಯ ಅಂದ ಮೇಲೆ ಏನಾದ್ರೂ ಒಂದು ವಾಸನೆ ಇರಬೇಕಲ್ಲ, ಇವನಿಗೆ ಇರಲೇ ಇಲ್ಲ. ದೊರೆಗೆ ಅದೇ ಇಷ್ಟ ಆಗ್ಬಿಡ್ತು, ನೋಡಿ ಅವನ ಬುದ್ಧಿ.

"ನನಗೆ ಚಿನ್ನ ಬೇಡ, ಬೆಳ್ಳಿ ಬೇಡ, ಭೂಮಿ ಬೇಡ ಮಹಾಪ್ರಭು," ಅಂದ ಜೋಳಿಗೆಯವನು. "ಯಾವ ಮನೆಯವರೇ ಆಗಲಿ, ಹೊಸ್ತಿಲಾಚೆ ಇಟ್ಟು ಮೂರು ಸಲ ಬೇಡ ಅಂದದ್ದೆಲ್ಲ ನನ್ನದು. ಅದನ್ನ ವಾಪಸ್ ಕೇಳೋ ಹಕ್ಕು ಯಾರಿಗೂ ಇರಬಾರದು. ತಮಗೂ ಇರಬಾರದು."

"ಇಷ್ಟೇನಾ?" ಅಂದ ದೊರೆ. ಓಲೆಗೆ ರಾಜಮುದ್ರೆ ಒತ್ತಿಯೇಬಿಟ್ಟ.

ಅವತ್ತಿಂದ ದಿನಾ ಮಧ್ಯಾಹ್ನ, ನೆರಳು ಕಾಲಡಿಗೆ ಬರೋ ಹೊತ್ತಿಗೆ, ಪ್ರತಿ ಮನೆ ಬಾಗಿಲಲ್ಲೂ ಅವನು. ಒಬ್ಬನೇ ಆಸಾಮಿ ಅಷ್ಟೂ ಮನೆ ಮುಂದೆ ಒಂದೇ ಹೊತ್ತಿಗೆ ಹೇಗೆ ನಿಲ್ತಾನೆ ಅಂತ ಯಾರೂ ಯೋಚನೆ ಮಾಡ್ಲಿಲ್ಲ. "ಬೇಡದ್ದು ಇದ್ರೆ ಕೊಡಿ," ಅನ್ನೋನು. ಮೆತ್ತಗೆ ಅನ್ನೋನು. ಒಳಗೆ ಕಾಲಿಡ್ತಿರಲಿಲ್ಲ.

ಜನ ಮೊದಲು ಸಿಪ್ಪೆ ಕೊಟ್ರು, ಸಗಣಿ ಕೊಟ್ರು, ಬೂದಿ ಕೊಟ್ರು. ಹೊರೋ ಕೆಲಸ ಇಲ್ಲ, ಕೈ ಕೊಳೆ ಆಗಲ್ಲ, ಇದಕ್ಕಿಂತ ಸುಖ ಉಂಟಾ ಅಂದ್ಕೊಂಡ್ರು. ಆಮೇಲೆ ಹರಿದ ಸೀರೆ, ಒಡೆದ ಮಡಕೆ, ಸವೆದ ಪೊರಕೆ ಕೊಟ್ರು. ಪಾತ್ರೆ ತೊಳೆದ ನೀರನ್ನ ಬಾಳೆ ಬುಡಕ್ಕೆ ಹಾಕೋಕೆ ಹತ್ತು ಹೆಜ್ಜೆ ನಡೀಬೇಕಲ್ಲ, ಅದನ್ನೂ ಜೋಳಿಗೆಗೇ ಸುರಿದ್ರು. ಜೋಳಿಗೆ ತುಂಬಲಿಲ್ಲ. ಒದ್ದೆಯೂ ಆಗಲಿಲ್ಲ. ಕೊನೆಗೆ ಗಟ್ಟಿಮುಟ್ಟಾಗಿದ್ದದ್ದನ್ನೂ ಕೊಡೋಕೆ ಶುರು ಮಾಡಿದ್ರು. ಈ ಹಬ್ಬಕ್ಕೆ ಉಟ್ಟ ಸೀರೆ ಮುಂದಿನ ಹಬ್ಬಕ್ಕೆ ಬೇಡ. ಬಣ್ಣ ಹಿಡಿಸದ ಚಾಪೆ ಬೇಡ. ಎಲೆ ಅಡಿಕೆ ಚಟದ ಹಾಗೆ ಬೇಡ ಅನ್ನೋದೂ ಒಂದು ಚಟ ಆಗೋಯ್ತು.

ಊರೇನೋ ಚೊಕ್ಕ ಆಯ್ತು. ಒಂದೇ ಒಂದು ತಿಪ್ಪೆ ಉಳೀಲಿಲ್ಲ. ಆದ್ರೆ ಹಿತ್ತಲು ಸತ್ತೋಯ್ತು. ಬಾಳೆ ಒಣಗ್ತು. ಮಣ್ಣು ಬಿಳಿಚಿಕೊಂಡು ಸುಣ್ಣದ ಪುಡಿ ಥರ ಆಯ್ತು, ಅಗೆದ್ರೆ ಒಂದು ಎರೆಹುಳ ಇಲ್ಲ. ರಾಗಿ ಪೈರು ಗೇಣುದ್ದ ಬಂದು ನಿಂತೋಯ್ತು. ಅವನು ಮಾತ್ರ ಬೆಳೀತಾ ಇದ್ದ. ಬಂದಾಗ ಎಲ್ಲರಷ್ಟೇ ಎತ್ತರ ಇದ್ದೋನು ವರ್ಷದೊಳಗೆ ಬಾಗಿಲಷ್ಟು ಎತ್ತರ ಆದ. ಎರಡನೇ ವರ್ಷ ತಲೆ ಸೂರಿಗೆ ಮುಟ್ತು. ಬಗ್ಗಿ ನಿಂತು, ಅದೇ ಮೆತ್ತಗಿನ ದನೀಲಿ ಕೇಳೋನು. "ಬೇಡದ್ದು ಇದ್ರೆ ಕೊಡಿ."

ಮಕ್ಕಳು ಕದ್ದು ಜೋಳಿಗೆಗೆ ಕಿವಿ ಇಟ್ಟು ಕೇಳೋವು. ಒಳಗೆ ದೂರದಲ್ಲೆಲ್ಲೋ ಯಾರೋ ರಾಗಿ ಬೀಸೋ ಸದ್ದು. ಪಾತ್ರೆ ಜೋಡಿಸೋ ಸದ್ದು. ದೊಡ್ಡೋರು ಬೈದು ಎಳ್ಕೊಂಡು ಬರೋರು. ತಾವು ಮಾತ್ರ ಕಿವಿ ಇಟ್ಟು ಕೇಳ್ತಿರಲಿಲ್ಲ.

ಆಮೇಲೆ ಮೂರು ಸಂಗತಿ ನಡೀತು. ಕುಂಬಾರ ಒಬ್ಬ ಬಾಗಿಲಲ್ಲಿ ಮಲಗಿದ್ದ ತನ್ನ ಕುಂಟ ನಾಯಿ ನೋಡಿ ಬೇಡ, ಬೇಡ, ಬೇಡ ಅಂದ. ಮಧ್ಯಾಹ್ನದ ಹೊತ್ತಿಗೆ ನಾಯಿ ಇರಲಿಲ್ಲ. ಗಾಣದವನು ಮುದಿ ಎತ್ತು ನೋಡಿ ಹಾಗೇ ಅಂದ. ಎತ್ತು ಇರಲಿಲ್ಲ, ಕಟ್ಟಿದ್ದ ಹಗ್ಗ ಮಾತ್ರ ಗೂಟಕ್ಕೆ ಇತ್ತು. ಮೂಲೆಮನೇಲಿ ಒಬ್ಬಳು ಕಣ್ಣು ಕಾಣದ ಸೋದರತ್ತೆ ಇದ್ಲು. ಜಗಲಿ ಮೇಲೆ ಕೂತು ಸಾರಿಗೆ ಉಪ್ಪಿಲ್ಲ ಅಂತ ದಿನಾ ಗೊಣಗೋಳು. ಮನೆಯವರು ಒಂದಿನ ರೇಗಿ ಮೂರು ಸಲ ಅಂದೇಬಿಟ್ರು. ಮಧ್ಯಾಹ್ನ ನೋಡಿದ್ರೆ ಜಗಲಿ ಮೇಲೆ ಊರುಗೋಲು ಒಂದೇ. ಮನೆಯವರು ಅದನ್ನ ನೋಡಿ, ಒಳಗೆ ಹೋಗಿ ಊಟಕ್ಕೆ ಕೂತ್ರು.

ಈಗ ಕೆಂಪಾಜಿ ಬಗ್ಗೆ ಹೇಳ್ತೀನಿ. ಕಂಬಳಿ ನೇಯೋರ ಮನೆ ಸೊಸೆ. ಗಂಡ ಕಂಬಳಿ ಹೊತ್ಕೊಂಡು ದೂರದ ಸೀಮೆಗೆ ಹೋದ್ರೆ ಮಳೆಗಾಲಕ್ಕೇ ವಾಪಸ್ಸು. ಮನೇಲಿ ಇವಳು, ಅತ್ತೆ ದುಗ್ಗಜ್ಜಿ, ಇಬ್ಬರೇ. ಕೆಂಪಾಜಿಗೆ ಹುಟ್ಟಿದ ಮೂರು ಮಕ್ಕಳೂ ಒಂದು ತಿಂಗಳು ತುಂಬೋ ಮುಂಚೆ ತೀರ್ಕೊಂಡಿದ್ವು. ನಾಲ್ಕನೇದು ಹೆಣ್ಣು ಕೂಸು ಹುಟ್ಟಿ ಹತ್ತು ದಿನ ಆಗಿತ್ತು. ಅದರ ಉಸಿರು ಎಣಿಸ್ಕೊಂಡೇ ತಾಯಿ ನಿದ್ದೆ ಬಿಟ್ಟಿದ್ಲು.

ಆ ಸೀಮೇಲಿ ಒಂದು ಪದ್ಧತಿ. ಮಕ್ಕಳು ಉಳಿಯದ ಮನೇಲಿ ಕೂಸು ಹುಟ್ಟಿದ್ರೆ, ಹನ್ನೊಂದನೇ ದಿನ ಅದನ್ನ ಮೊರದಲ್ಲಿ ಮಲಗಿಸಿ ತಿಪ್ಪೆ ಮೇಲೆ ಇಡೋದು. ತಾಯಿ ಮೂರು ಸಲ ಬೇಡ ಅಂದು, ಹಿಂದೆ ತಿರುಗಿ ನೋಡದೆ ನಡೆದು ಬರೋದು. ಪಕ್ಕದ ಮನೆಯಾಕೆ ಕೂಸನ್ನ ಎತ್ಕೊಂಡು ಬಂದು, ಒಂದು ಸೇರು ತೌಡಿಗೆ ತಾಯಿಗೇ ಮಾರೋದು. ಜವರಾಯ ನೋಡ್ತಾನೆ, ಓಹೋ ಇದು ತಿಪ್ಪೆಗೆ ಎಸೆದ ಕೂಸು, ತೌಡಿಗೆ ಕೊಂಡ ಕೂಸು, ಇದನ್ಯಾಕೆ ಒಯ್ಲಿ ಅಂತ ಸುಮ್ಮನೆ ಹೋಗ್ತಾನೆ. ಹಾಗಂತ ನಂಬಿಕೆ.

"ಹನ್ನೊಂದನೇ ದಿನ ತಪ್ಪಿಸಬಾರದು ಕಣೆ ಕೆಂಪಿ," ಅಂದ್ಲು ದುಗ್ಗಜ್ಜಿ.

"ತಿಪ್ಪೆ ಎಲ್ಲಿದೆ ಅತ್ತೆ?"

ದುಗ್ಗಜ್ಜಿ ಹಿತ್ತಲಿಗೆ ಹೋಗಿ ನೋಡಿದ್ಲು. ಬೀದಿ ಸುತ್ತಿ ಬಂದ್ಲು. ಅರಮನೆ ಹಿಂದೆಯೂ ನೋಡಿ ಬಂದ್ಲು. ಎಲ್ಲೂ ಇಲ್ಲ. "ಈಗ ಬೇಡದ್ದೆಲ್ಲ ಎಲ್ಲಿ ಇಡ್ತೀವಿ? ಹೊಸ್ತಿಲಾಚೆ ತಾನೆ. ಅಲ್ಲೇ ಇಡೋಣ. ಶಾಸ್ತ್ರ ಆದ್ರೆ ಸಾಕು," ಅಂದ್ಲು. ಮೊಮ್ಮಗಳು ಉಳೀಲಿ ಅನ್ನೋ ಆಸೇಲಿ ಮುದುಕಿಗೆ ಮುಂದಿನದು ಹೊಳೀಲಿಲ್ಲ. ಕೆಂಪಾಜಿಗೂ ಹೊಳೀಲಿಲ್ಲ.

ಮಧ್ಯಾಹ್ನ ಮೊರ ತಂದು ಹೊಸ್ತಿಲಾಚೆ ಇಟ್ರು. ಪಕ್ಕದ ಮನೆ ಬೀರವ್ವ ಎತ್ಕೊಳ್ಳೋಕೆ ಅಂತ ಸೆರಗು ಸಿಕ್ಕಿಸ್ಕೊಂಡು ನಿಂತಿದ್ಲು. ಕೂಸು ಅಳ್ತಾ ಇತ್ತು. ಕೆಂಪಾಜಿ, "ಈ ಕೂಸು ನಂಗೆ ಬೇಡ. ಬೇಡ. ಬೇಡ," ಅಂದು ಬೆನ್ನು ತಿರುಗಿಸಿ ಒಳಗೆ ನಡೆದ್ಲು. ತಿರುಗಿ ನೋಡೋ ಹಾಗಿಲ್ಲ. ಒಂದು ಹೆಜ್ಜೆ ಇಟ್ಲು, ಅಳು ಕೇಳಿಸ್ತು. ಎರಡು ಹೆಜ್ಜೆ ಇಟ್ಲು, ಕೇಳಿಸ್ತು. ಮೂರನೇ ಹೆಜ್ಜೆಗೆ ಅಳು ನಡುವೆಯೇ ಕಡಿದು ಹೋಯ್ತು. ಬೀರವ್ವ ಎತ್ಕೊಂಡಿರಬೇಕು ಅಂದ್ಕೊಂಡ್ಲು. ಆದ್ರೆ ಬೀರವ್ವನ ಬಳೆ ಸದ್ದು ಕೇಳಲಿಲ್ಲ.

ಶಾಸ್ತ್ರ ಹಾಳಾಗ್ಲಿ ಅಂತ ಕೆಂಪಾಜಿ ತಿರುಗಿದ್ಲು. ಬೀರವ್ವ ಕೈ ಚಾಚಿ ಹಾಗೇ ನಿಂತಿದ್ಲು, ಅಲ್ಲಾಡೋಕೆ ಆಗ್ತಿರಲಿಲ್ಲ. ಸೂರಿನ ಕೆಳಗೆ ಬಗ್ಗಿಕೊಂಡು ಅವನು. ಮೊರದ ಮೇಲೆ ಜೋಳಿಗೆ ಬಾಯಿ ತೆರೆದು ಹಿಡಿದಿದ್ದ.

ತಾಯಿ ಹಾರಿ ಮೊರ ಕಿತ್ಕೊಂಡ್ಲು. ಕೂಸು ಮೊರದಲ್ಲೇ ಇತ್ತು, ಕೈಕಾಲು ಆಡಿಸ್ತಿತ್ತು. ಆದ್ರೆ ಬಾಯಿ ಪೂರ್ತಿ ತೆರೆದು ಅಳ್ತಿದ್ರೂ ದನಿ ಇಲ್ಲ. ಬಿಸಿಲಿಗೆ ಹಿಡಿದ್ರೆ ಮೊರದ ನೆರಳು ಬಿತ್ತು, ಕೂಸಿನ ನೆರಳು ಬೀಳಲಿಲ್ಲ. ಮೊರ ಖಾಲಿ ಮೊರದಷ್ಟೇ ಹಗುರ. ದನಿ, ನೆರಳು, ತೂಕ, ಮೂರೂ ಜೋಳಿಗೆ ಒಳಗೆ ಹೋಗಿದ್ವು.

"ಇಷ್ಟು ನನ್ನ ಹತ್ರ ಬಂತು," ಅಂದ ಅವನು. "ಮಿಕ್ಕದ್ದನ್ನೂ ಕೊಡಮ್ಮ. ನೀನೇ ಬೇಡ ಅಂದದ್ದು."

ಕೆಂಪಾಜಿ ಕೂಸನ್ನ ಎದೆಗೆ ಅವುಚಿಕೊಂಡು ಅರಮನೆಗೆ ಓಡಿದ್ಲು. ಹಿಂದೆ ಹೆಜ್ಜೆ ಸದ್ದಿಲ್ಲದೆ ಅವನು ಬಂದ. ದೊರೆ ಎಲ್ಲ ಕೇಳಿದ. ಕೂಸಿನ ತೆರೆದ ಬಾಯಿ ನೋಡಿ ಬೆವತೋದ.

"ಮುದ್ರೆ ಒತ್ತಿದ್ದೀನಲ್ಲ ತಾಯಿ, ನಾನೇನು ಮಾಡ್ಲಿ," ಅಂದ.

ದೊರೆ ಕೈಲಿ ಆಗಲ್ಲ ಅಂತ ಗೊತ್ತಾದ ಮೇಲೆ ಕೆಂಪಾಜಿ ಕಣ್ಣೊರೆಸ್ಕೊಂಡು ಅವನ ಕಡೆ ತಿರುಗಿದ್ಲು. "ನೀನು ಬೇಡದ್ದನ್ನ ಮಾತ್ರ ಒಯ್ತೀಯ?"

"ಬೇಡದ್ದನ್ನ ಮಾತ್ರ."

"ಬೇಡದ್ದು ಒಂದೂ ಇಲ್ಲದ ಮನೆಯಿಂದ?"

ಅವನು ನಕ್ಕ. ಆ ನುಣ್ಣನೆ ಮುಖದಲ್ಲಿ ನಗು ಎಲ್ಲಿಂದ ಬಂತೋ, ಎಲ್ಲಿಗೆ ಹೋಯ್ತೋ. "ಅಂಥ ಮನೆ ಇಲ್ಲಮ್ಮ."

"ನನ್ನ ಮನೆಗೆ ಬಾ. ಮೂರು ಮಧ್ಯಾಹ್ನ ಬಾ. ಒಳಗೆ ಬಂದು ಹುಡುಕು. ಒಂದೇ ಒಂದು ಬೇಡದ ವಸ್ತು ಸಿಕ್ರೂ ಕೂಸೂ ನಿನ್ನದು, ನಾನೂ ನಿನ್ನವಳು. ಸಿಗದಿದ್ರೆ ದಿನಕ್ಕೊಂದು ವಾಪಸ್ ಕೊಡು. ಮೊದಲು ದನಿ, ಆಮೇಲೆ ನೆರಳು, ಆಮೇಲೆ ತೂಕ."

ಕೂಸಿನ ಜೊತೆ ತಾಯಿಯೂ ಸಿಗ್ತಾಳೆ ಅಂದಾಗ ಅವನ ಜೋಳಿಗೆ ತಾನೇ ಒಂದು ಸಲ ಅಲುಗಾಡ್ತು. "ಆಯ್ತು," ಅಂದ. "ಆದ್ರೆ ಬೇಕು ಅಂತ ಬಾಯಲ್ಲಿ ಅಂದ್ರೆ ಸಾಲದು. ಯಾತಕ್ಕೆ ಬೇಕು ಅಂತ ಹೇಳಬೇಕು. ಹೇಳಿದ್ದು ನಿಜ ಇರಬೇಕು. ಸುಳ್ಳಾದ್ರೆ ಜೋಳಿಗೆಗೆ ಗೊತ್ತಾಗುತ್ತೆ."

ಮನೆಗೆ ಬಂದಾಗ ದುಗ್ಗಜ್ಜಿ ಗೋಡೆಗೆ ತಲೆ ಚಚ್ಚಿಕೊಳ್ತಿದ್ಲು. "ನನ್ನ ಬಾಯಿಗೆ ಮಣ್ಣು ಹಾಕ. ನಾನೇ ಹೇಳಿ ಇಡಿಸಿದೆ."

"ಅಳೋದು ಆಮೇಲೆ ಅಳೋಣ ಅತ್ತೆ. ಮೊದಲು ಏಳಿ. ನೀವು ಸೊಸೆಯಾಗಿ ಬಂದಾಗ ಈ ಮನೇಲಿ ಏನೇನು ಹೇಗೆ ಮಾಡ್ತಿದ್ರಿ, ಎಲ್ಲ ಹೇಳಿ."

ಮುದುಕಿ ಎದ್ಲು. ಎರಡು ವರ್ಷದಿಂದ ಮರೆತಿದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡ್ಕೊಂಡ್ಲು.

ಮೊದಲನೇ ಮಧ್ಯಾಹ್ನ ಅವನು ಬಂದ. ಮೊದಲ ಸಲ ಹೊಸ್ತಿಲು ದಾಟಿದ. ಅವನು ಕಾಲಿಟ್ಟ ಕಡೆಯೆಲ್ಲ ಸಾರಿಸಿದ ನೆಲ ಬಿರುಕು ಬಿಡ್ತು. ಸೀದಾ ಅಡುಗೆಮನೆಗೆ ಹೋದ.

"ಈ ಹೀರೆಕಾಯಿ ಸಿಪ್ಪೆ?"

"ಚಟ್ನಿ ಅರೆಯೋಕೆ," ಅಂದ್ಲು ಕೆಂಪಾಜಿ. ಹುರಿದಿಟ್ಟ ಎಳ್ಳು, ಮೆಣಸಿನಕಾಯಿ ಪಕ್ಕದಲ್ಲೇ ಇತ್ತು.

"ಈ ಅಕ್ಕಿ ತೊಳೆದ ನೀರು?"

"ಕಲಗಚ್ಚಿಗೆ. ಹಸು ಕಾಯ್ತಾ ಇದೆ."

"ಈ ತಂಗಳು ಮುದ್ದೆ?"

"ಮಜ್ಜಿಗೇಲಿ ಕಿವುಚಿ ಕುಡಿಯೋಕೆ. ಕುಡೀತೀಯ?" ಅಂತ ದುಗ್ಗಜ್ಜಿ ನಡುವೆ ಬಾಯಿ ಹಾಕಿದ್ಲು. ಮುದುಕಿಗೆ ಭಯದಲ್ಲೂ ನಾಲಿಗೆ ಸುಮ್ಮನಿರದು.

ಅವನು ಒಲೆ ಬೂದಿಗೆ ಕೈ ಹಾಕಿದ. ಪಾತ್ರೆ ತಿಕ್ಕೋಕೆ ಅರ್ಧ, ಉಳಿದಿರೋ ಒಂದು ಬದನೆ ಗಿಡದ ಹುಳಕ್ಕೆ ಅರ್ಧ ಅಂದ್ರು. ಸುಲಿದ ತೆಂಗಿನ ನಾರು ಎತ್ತಿದ. ಅದೇ ತಿಕ್ಕೋ ನಾರು ಅಂದ್ರು. ಪ್ರತಿ ಸಲವೂ ಜೋಳಿಗೆ ಬಾಯಿ ತೆರೀತು, ನಿಜ ಕೇಳಿ ಮುಚ್ಕೊಳ್ತು. ಹೊತ್ತು ಓರೆ ಆದಾಗ ಅವನು ಬರಿಗೈಲಿ ಹೊರಗೆ ಹೋದ. ಅವನ ತಲೆ ಸೂರು ಬಿಟ್ಟು ಒಂದು ಗೇಣು ಕೆಳಗೆ ಬಂದಿತ್ತು. ತೊಟ್ಟಿಲಲ್ಲಿ ಕೂಸು ಗಟ್ಟಿಯಾಗಿ ಅತ್ತಿತು. ಕೆಂಪಾಜಿ ಅದರ ಅಳು ಕೇಳ್ತಾ ಕೂತು ತಾನೂ ಅತ್ಲು.

ಎರಡನೇ ಮಧ್ಯಾಹ್ನ ಪಡಸಾಲೆ, ಕೋಣೆ, ಹಿತ್ತಲು. ಹರಿದ ಸೀರೆ ಕೌದಿ ಹೊಲಿಯೋಕೆ. ಅದರ ಚೂರು ಒಲೆಯಿಂದ ಪಾತ್ರೆ ಇಳಿಸೋ ಮಸಿಬಟ್ಟೆಗೆ. ಬಾಯಿ ಒಡೆದ ಮಡಕೆ ಕೋಳಿಗೆ ನೀರಿಡೋಕೆ. ಸವೆದ ಪೊರಕೆ ಕೊಟ್ಟಿಗೆ ಗುಡಿಸೋಕೆ. ಬಾಚಿದಾಗ ಉದುರಿದ ಕೂದಲು ಉಂಡೆ ಮಾಡಿ ಗೋಡೆ ಸಂದಿಗೆ ಸಿಕ್ಕಿಸಿದ್ರು. ಅದನ್ನ ಎರಡು ಬೆರಳಲ್ಲಿ ಎಳೆದ. "ಚೌರಿ ಕಟ್ಟೋಕೆ," ಅಂದ್ಲು ದುಗ್ಗಜ್ಜಿ. "ನನ್ನ ತಲೇಲಿ ಏನುಳಿದಿದೆ ನೋಡು, ಚೌರಿ ಇಲ್ಲದೆ ತುರುಬು ಕಟ್ಟೋಕಾಗುತ್ತಾ?"

ಹಿತ್ತಲಲ್ಲಿ ಅವರು ಹಿಂದಿನ ಸಂಜೆ ಒಂದು ಗುಂಡಿ ತೋಡಿದ್ರು. ಸಗಣಿ, ಎಲೆ, ಕಸ ಅದರಲ್ಲಿ. ಅದನ್ನ ಕಂಡು ಅವನ ಮುಖ ಬೆಳಗ್ತು. "ಇದು ಕಸ. ಕಸ ಅಂದ್ರೆ ಬೇಡದ್ದು."

"ಅದು ಕಸ ಅಲ್ಲಪ್ಪ," ಅಂದ್ಲು ಕೆಂಪಾಜಿ. "ಬರೋ ವರ್ಷದ ರಾಗಿ."

ಜೋಳಿಗೆ ಮುಚ್ಕೊಳ್ತು. ಅವನು ಸಿಟ್ಟಿಗೆದ್ದು ಮತ್ತೆ ಒಳಗೆ ನುಗ್ಗಿ, ರಾಗಿ ತುಂಬಿಡೋ ವಾಡೆ ಹಿಂದಿನಿಂದ ಒಂದು ಸತ್ತ ಇಲಿ ಬಾಲ ಹಿಡಿದು ಎತ್ತಿದ. ಬೆಳಿಗ್ಗೆ ಅಲ್ಲಿ ಇಲಿ ಇರಲಿಲ್ಲ. ಅವನೇ ತಂದು ಹಾಕಿದ್ದ ಅಂತ ನನಗೆ ಗುಮಾನಿ. "ಇದು ಬೇಕೇನಮ್ಮ? ಯಾತಕ್ಕೆ?"

ಕೆಂಪಾಜಿ ಇಲೀನ ನೋಡಿದ್ಲು, ಹಿತ್ತಲ ಕಡೆ ನೋಡಿದ್ಲು, ಮತ್ತೆ ಇಲೀನ ನೋಡಿದ್ಲು. ಜೋಳಿಗೆ ಬಾಯಿ ಅಗಲ ಆಗ್ತಾ ಬಂತು, ಒಳಗಿಂದ ತಣ್ಣನೆ ಗಾಳಿ ಬಂದು ತೊಟ್ಟಿಲು ತಾನಾಗೇ ತೂಗ್ತು. ಅಷ್ಟರಲ್ಲಿ ದುಗ್ಗಜ್ಜಿ ಅವನ ಕೈಯಿಂದ ಇಲಿ ಕಿತ್ಕೊಂಡ್ಲು. "ನಿಂಬೆ ಗಿಡ ಎರಡು ವರ್ಷದಿಂದ ಕಾಯಿ ಬಿಟ್ಟಿಲ್ಲ. ಬುಡಕ್ಕೆ ಹೂಳ್ತೀನಿ," ಅಂದು ಗುದ್ದಲಿ ತಗೊಂಡು ಹಿತ್ತಲಿಗೆ ಹೋಗಿ ಹೂತೇಬಿಟ್ಲು. ಅವನು ಹೊರಗೆ ಹೋದ. ಕೂಸನ್ನ ಬಿಸಿಲಿಗೆ ಎತ್ತಿ ಹಿಡಿದ್ರು. ನೆಲದ ಮೇಲೆ ಎರಡು ಪುಟ್ಟ ಕೈ ಆಡಿಸೋ ನೆರಳು ಬಿತ್ತು.

ಇಷ್ಟೆಲ್ಲ ಆಗೋದನ್ನ ಬೀದಿಯವರು ಕಿಟಕೀಲಿ ನೋಡ್ತಿದ್ರಲ್ಲ. ಬೀರವ್ವ ಮೊದಲು ತನ್ನ ಮನೆ ಮುಸುರೆ ನೀರನ್ನ ಬಾಳೆ ಬುಡಕ್ಕೆ ಹಾಕಿದ್ಲು. ಅವಳನ್ನ ನೋಡಿ ಇನ್ನೊಬ್ಬಳು. ಕುಂಬಾರನ ಹೆಂಡತಿ ಗುಂಡಿ ತೋಡಿದ್ಲು. ಮೂರನೇ ದಿನ ಊರಿನ ಅರ್ಧ ಬಾಗಿಲಲ್ಲಿ ಅವನಿಗೆ ಏನೂ ಸಿಗಲಿಲ್ಲ. ಕೆಂಪಾಜಿ ಮನೆಗೆ ಬರೋ ಹೊತ್ತಿಗೆ ಹೊಟ್ಟೆ ಹಸಿದು, ಬಿಳೀ ಅಂಗಿ ಜೋತು ಬಿದ್ದಿತ್ತು. ಎತ್ತರ ಇಳಿದು ಎಲ್ಲರಷ್ಟೇ ಆಗಿದ್ದ. ಹಸಿದಾಗಲೇ ಅವನು ಹೆಚ್ಚು ಕೆಟ್ಟವನು.

ಸಿಪ್ಪೆ ಮುಟ್ಟಲಿಲ್ಲ. ಪೊರಕೆ ಮುಟ್ಟಲಿಲ್ಲ. ಸೀದಾ ಕೋಣೆಗೆ ಹೋಗಿ ಮರದ ಪೆಟ್ಟಿಗೆ ತೆಗೆದು, ತಳದಿಂದ ಮೂರು ಪುಟ್ಟ ಕುಲಾವಿ ಹೊರಗೆ ತೆಗೆದ. ಕೆಂಪು ಅಂಚಿನದು ಒಂದು, ಹಸಿರು ಅಂಚಿನದು ಒಂದು, ಅಂಚೇ ಹಾಕಿ ಮುಗಿಯದ್ದು ಒಂದು. ಹೋದ ಮಕ್ಕಳ ಕುಲಾವಿ.

"ಇವನ್ನ ಹಾಕ್ಕೊಳ್ಳೋ ತಲೆ ಇಲ್ಲ," ಅಂದ. ಮೆತ್ತಗೆ ಅಂದ. "ಈ ಕೂಸಿಗೆ ಹಾಕ್ತೀನಿ ಅನ್ನಬೇಡ. ಹೋದ ಮಕ್ಕಳ ಬಟ್ಟೆ ಇದಕ್ಕೆ ಹಾಕೋ ಧೈರ್ಯ ನಿನಗಿಲ್ಲ. ನೀನು ಈ ಪೆಟ್ಟಿಗೆ ತೆಗೆದೂ ನೋಡಲ್ಲ. ನೋಡಿದ್ರೆ ಸಂಕಟ. ಸಂಕಟ ಯಾರಿಗೆ ಬೇಕಮ್ಮ? ಕೊಟ್ಬಿಡು. ಹಗುರ ಆಗುತ್ತೆ."

ದುಗ್ಗಜ್ಜಿ ಬಾಯಿಗೆ ಸೆರಗು ಒತ್ತಿಕೊಂಡ್ಲು. ಕೆಂಪಾಜಿ ಕುಲಾವಿಗಳನ್ನೇ ನೋಡಿದ್ಲು. ಅವನು ಹೇಳಿದ್ದು ನಿಜ. ಸುಳ್ಳು ಹೇಳೋ ಹಾಗಿಲ್ಲ. ಬಿಸಿಲು ಕೋಣೆಯಿಂದ ಸರೀತಾ ಬಂತು, ಜೋಳಿಗೆ ಬಾಯಿ ತೆರೀತಾ ಬಂತು. ತೊಟ್ಟಿಲ ಕೂಸು ಎಷ್ಟು ಹಗುರ ಆಗಿತ್ತು ಅಂದ್ರೆ, ಆ ಗಾಳಿಗೆ ಬಟ್ಟೆಯಿಂದ ಅರ್ಧ ಮೇಲೆದ್ದಿತ್ತು. ದುಗ್ಗಜ್ಜಿ ಓಡಿ ಹೋಗಿ ಎರಡೂ ಕೈಲಿ ಅದುಮಿ ಹಿಡಿದ್ಲು.

ಕೆಂಪಾಜಿ ಮುಂದೆ ಬಂದು ಆ ಕುಲಾವಿಗಳ ಮೇಲೆ ಕೈ ಇಟ್ಲು. ಅವನ ಕೈ ಮಂಜುಗಡ್ಡೆಯಷ್ಟು ತಣ್ಣಗಿತ್ತು.

"ಅಳೋಕೆ ಬೇಕು," ಅಂದ್ಲು.

"ಏನು?"

"ಅಳೋಕೆ ಬೇಕು. ಇದನ್ನ ಮುಟ್ಟಿದ್ರೆ ನಂಗೆ ಅಳು ಬರುತ್ತೆ. ನನ್ನ ಮೂರು ಮಕ್ಕಳು ಹುಟ್ಟಿದ್ವು ಅಂತ ಹೇಳೋಕೆ ಇರೋದು ಇಷ್ಟೇ. ಸಂಕಟ ಆಗುತ್ತೆ. ಆದ್ರೂ ಬೇಕು. ಇದಿಲ್ಲದೆ ಹಗುರ ಆಗೋದು ನಂಗೆ ಬೇಕಾಗಿಲ್ಲ."

ಅವನು ಕುಲಾವಿ ಜೋಳಿಗೆಗೆ ಹಾಕೋಕೆ ನೋಡಿದ. ಜೋಳಿಗೆ ಬಾಯಿ ಬಿಗಿದುಕೊಂಡಿತ್ತು. ಎರಡನೇ ಸಲ ನೋಡಿದ. ಮೂರನೇ ಸಲ ಬೆರಳು ತೂರಿಸಿ ಬಿಡಿಸೋಕೆ ನೋಡಿದ. ಆಗಲಿಲ್ಲ. ತೊಟ್ಟಿಲ ಹಗ್ಗ ಜಗ್ಗಿ ಬಿಗಿಯಾಯ್ತು, ತೊಲೆ ಕಿರ್ ಅಂತು. ದುಗ್ಗಜ್ಜಿ ಕೈಯಡಿಯಲ್ಲಿ ಕೂಸು ಭಾರ ಆಗಿ ಮಲಗ್ತು.

ದನಿ ಬಂತು, ನೆರಳು ಬಂತು, ತೂಕ ಬಂತು. ಕಥೆ ಇಲ್ಲಿಗೆ ಮುಗೀತು ಅಂದ್ಕೊಂಡ್ರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ.

ಅವನು ಹೊಸ್ತಿಲು ದಾಟಿ ಹೊರಗೆ ನಿಂತ. ಹೋಗಲಿಲ್ಲ. "ಸೋತೆ," ಅಂದ. ಮುಖದಲ್ಲಿ ಬೇಜಾರಿಲ್ಲ. "ಆದ್ರೆ ದೊರೆ ಮುದ್ರೆ ಒತ್ತಿದ ಓಲೆ ಇನ್ನೂ ನನ್ನ ಹತ್ರ ಇದೆ. ನಾಳೆಯೂ ಬರ್ತೀನಿ. ನಾಡಿದ್ದೂ ಬರ್ತೀನಿ. ಸೊಂಟ ನೋಯೋ ದಿನ ಬರುತ್ತೆ. ಕೂಸು ಹಟ ಮಾಡೋ ದಿನ ಬರುತ್ತೆ. ಸಾಕಪ್ಪ, ಇದೆಲ್ಲ ಬೇಡ ಅನ್ನಿಸೋ ದಿನ ಒಂದಲ್ಲ ಒಂದು ಬಂದೇ ಬರುತ್ತೆ. ನನಗೇನು ಅವಸರ ಇಲ್ಲ."

ಅವನು ಹೇಳೋದು ನಿಜ ಅಂತ ಕೆಂಪಾಜಿಗೆ ಗೊತ್ತಿತ್ತು. ಎರಡು ವರ್ಷ ಅವಳೂ ಎಲ್ಲರ ಹಾಗೆ ಬೇಡ ಬೇಡ ಅಂದವಳೇ. ಮತ್ತೆ ಅನ್ನಲ್ಲ ಅಂತ ಏನು ಭರವಸೆ? ಇವನು ಬಾಗಿಲಲ್ಲಿ ನಿಂತಿರೋವರೆಗೂ ಕೂಸಿಗೆ ಉಳಿಗಾಲ ಇಲ್ಲ. ಬಾಗಿಲು ಹಿಡ್ಕೊಂಡು ಅವನನ್ನ ನೋಡಿದ್ಲು. ಕಾಲಿಂದ ತಲೆವರೆಗೂ ನೋಡಿದ್ಲು.

"ಮೂರು ದಿನ ಹುಡುಕಿದೆಯಲ್ಲ," ಅಂದ್ಲು. "ಬೇಡದ್ದು ಒಂದಿದೆ. ನಿನ್ನ ಕಣ್ಣಿಗೆ ಬೀಳಲಿಲ್ಲ."

ಜೋಳಿಗೆ ಪಟ್ಟನೆ ತೆರೆದುಕೊಳ್ತು. "ಎಲ್ಲಿ?"

"ತಗೋತೀಯಾ? ಏನೇ ಆದ್ರೂ?"

"ಕೊಟ್ಟದ್ದನ್ನ ಇಲ್ಲೀವರೆಗೆ ಬಿಟ್ಟವನಲ್ಲ. ಎಲ್ಲಿದೆ, ಕೊಡು."

"ಹೊಸ್ತಿಲಾಚೆ ನಿಂತಿದೆ. ಬಿಳೀ ಅಂಗಿ ಹಾಕ್ಕೊಂಡಿದೆ." ಅವಳು ಬೆರಳು ತೋರಿಸಿದ್ಲು. "ಬೇಡ. ಬೇಡ. ಬೇಡ."

ಅವನು ಅವಳನ್ನೇ ನೋಡಿದ. ಸಿಟ್ಟು ಬರಲಿಲ್ಲ ಅವನಿಗೆ, ಅದೇ ನೋಡೋಕೆ ಭಯ ಆಗ್ತಿತ್ತು. ಎಷ್ಟೋ ಸಾವಿರ ಸಲ ಮಾಡಿದ ಕೆಲಸ ಅನ್ನೋ ಹಾಗೆ ಜೋಳಿಗೆ ನೆಲಕ್ಕೆ ಇಟ್ಟು, ಬಾಯಿ ಅಗಲಿಸಿ, ಒಂದು ಕಾಲು ಒಳಗಿಟ್ಟ. ಆ ಕಾಲು ಮತ್ತೆ ಮೇಲೆ ಬರಲಿಲ್ಲ. ಎರಡನೇ ಕಾಲಿಟ್ಟ. ಸೊಂಟದವರೆಗೆ ಇಳಿದ. ಎದೆವರೆಗೆ ಇಳಿದ. ಕೊನೆಗೆ ನುಣ್ಣನೆ ಮುಖ ಒಂದೇ ನೆಲದ ಮಟ್ಟಕ್ಕೆ ಉಳೀತು. ಮೆತ್ತಗೆ, "ಕೊಡಿ," ಅಂತು. ಎರಡು ಬಿಳೀ ಕೈ ಒಳಗಿಂದ ಬಂದು ಜೋಳಿಗೆ ಅಂಚು ಹಿಡಿದು ಒಳಕ್ಕೆ ಎಳ್ಕೊಂಡ್ವು. ಜೋಳಿಗೆ ತನ್ನ ಬಾಯಿಯನ್ನೇ ತಾನು ನುಂಗ್ತು. ಆಮೇಲೆ ಅಲ್ಲಿ ಏನೂ ಇರಲಿಲ್ಲ.

ದೊರೆ ಸುದ್ದಿ ಕೇಳಿ ಪಲ್ಲಕ್ಕಿ ಬಿಟ್ಟು ನಡ್ಕೊಂಡೇ ಬಂದ. ಎಲ್ಲರ ಮುಂದೆ ತನ್ನ ರಾಜಮುದ್ರೆ ಮುರಿದ. ಕೆಂಪಾಜಿಯ ಕೂಸಿಗೆ ಕೈಮುಗಿದು, ಅರಮನೆ ಹಿಂದೆ ಮೊದಲ ಗುಂಡಿ ತಾನೇ ಗುದ್ದಲಿ ಹಿಡಿದು ತೋಡಿದ. ನಾಜೂಕು ಮೂಗಿಗೆ ಬಟ್ಟೆ ಕಟ್ಕೊಂಡಿದ್ದ ಅನ್ನಿ, ಆದ್ರೂ ತೋಡಿದ. ಎರೆಹುಳ ವಾಪಸ್ ಬರೋಕೆ ಮೂರು ಮಳೆಗಾಲ ಹಿಡೀತು. ಕುಂಬಾರನ ನಾಯಿ, ಗಾಣದ ಎತ್ತು, ಆ ಸೋದರತ್ತೆ ಮಾತ್ರ ಬರಲಿಲ್ಲ. ಬಂದ್ರು ಅಂದಿದ್ರೆ ನಿಮಗೆ ನಿದ್ದೆ ಚೆನ್ನಾಗಿ ಬರ್ತಿತ್ತು, ಆದ್ರೆ ಬರಲಿಲ್ಲ. ಮೂಲೆಮನೆಯವರು ಮಧ್ಯಾಹ್ನ ಆದ್ರೆ ಜಗಲಿ ಮೇಲೆ ಒಂದು ತಟ್ಟೆ ಊಟ ಇಟ್ಟು ಕಾಯೋರು. ಸಾರಿಗೆ ಉಪ್ಪು ಸರಿಯಾಗಿ ಹಾಕಿರೋರು.

ನೀತಿ ಏನು ಅಂತ ಕೇಳ್ತೀರಿ, ಹೇಳ್ತೀನಿ. ಮನೆಯಿಂದ ಆಚೆ ಎಸೆದದ್ದು ಭೂಮಿಯಿಂದ ಆಚೆ ಹೋಗಲ್ಲ. ಏನನ್ನಾದ್ರೂ ಬೇಡ ಅನ್ನೋ ಮುಂಚೆ ಅದು ನಿಮಗೆ ಇನ್ನೊಂದು ಸಲ ಆಗುತ್ತಾ, ಬೇರೆಯವರಿಗೆ ಆಗುತ್ತಾ, ಕೊನೆಗೆ ಮಣ್ಣಿಗಾದ್ರೂ ಆಗುತ್ತಾ ಅಂತ ನೋಡಿ. ಕೈ ಕೊಳೆ ಆದ್ರೆ ತೊಳೆದ್ರೆ ಹೋಗುತ್ತೆ. ಎಲ್ಲವನ್ನೂ ಸುಲಭವಾಗಿ ಎಸೆಯೋ ಅಭ್ಯಾಸ ಆದ ಮನೇಲಿ, ಎಸೆಯಬಾರದ್ದೂ ಒಂದಿನ ಹೊಸ್ತಿಲಾಚೆ ಹೋಗುತ್ತೆ.

ಮತ್ತೆ ಇನ್ನೊಂದು ಮಾತು. ಅವನು ಎರಡು ವರ್ಷ ಅಷ್ಟೂ ಮನೆಯಿಂದ ಅಷ್ಟೂ ವಸ್ತು ಹೊತ್ಕೊಂಡು ಹೋದ. ಆ ಇಡೀ ಊರಲ್ಲಿ ಒಬ್ಬರಾದ್ರೂ, "ಇದನ್ನೆಲ್ಲ ಎಲ್ಲಿಗೆ ಒಯ್ತೀಯಪ್ಪ?" ಅಂತ ಕೇಳಿದ್ದಿಲ್ಲ. ನೀವು ಕೇಳಿ.